ಓವನ್ನಿನೊಳಗಿನ ಹಿಟ್ಟು

"ಸುಜಯ್! ಓವನ್ ಆನ್ ಮಾಡಿದ್ದು ಯಾರು?"

ಹೆಂಡತಿ ಸ್ಮೃತಿಯ ಕೂಗಿಗೆ ಸುಜಯ್ ಬಚ್ಚಲುಮನೆಯಿಂದ ತಲೆ ಒರೆಸಿಕೊಳ್ಳುತ್ತಲೇ ಬಂದ. ಒಳ್ಳೆಯ ಕೆಲಸ ಮಾಡಿದವನ ಕಳೆ ಮುಖದ ಮೇಲೆ ಇನ್ನೂ ಇತ್ತು. "ನಾನೇ. ರಜಾ ಅಲ್ವಾ, ನಿಂಗೆ ಬಿಸಿಬಿಸಿ ಬನ್ ಕೊಡೋಣ ಅಂತ ಕಾಯಕ್ಕೆ ಇಟ್ಟೆ."

"ಒಳಗೆ ಏನಿದೆ ಅಂತ ನೋಡಿದ್ಯಾ?"

ನೋಡಿರಲಿಲ್ಲ. ನೆದರ್ಲೆಂಡ್ಸಿನ ಐಂಡ್‌ಹೋವನ್ ಊರಿನ ಚಳಿಯಲ್ಲಿ ಇಡ್ಲಿ ಹಿಟ್ಟು ಹುದುಗಬೇಕಾದರೆ ಪಾತ್ರೆಯನ್ನು ಓವನ್ನಿನಲ್ಲಿಟ್ಟು, ಬರೀ ದೀಪ ಹಾಕಿ, ದೇವರ ಮೇಲೆ ಭಾರ ಹಾಕಬೇಕು. ಇಲ್ಲಿಗೆ ಬಂದಾಗಿನಿಂದ ಸ್ಮೃತಿಯ ಹಿಟ್ಟು ಒಂದು ಚಳಿಗಾಲದಲ್ಲೂ ಎದ್ದಿರಲಿಲ್ಲ. ಇವತ್ತು ಎದ್ದಿತ್ತು. ಬೆಳಿಗ್ಗೆ ಇಣುಕಿ ನೋಡಿ ಹಿಗ್ಗಿ ಹೀರೆಕಾಯಿಯಾಗಿದ್ದಳು. ಈಗ ಅಂಚೆಲ್ಲ ಬೆಂದು ಬಿರಿದು, ನಡುವೆ ಮಾತ್ರ ಹಸಿಹಿಟ್ಟು ಪಿಳಿಪಿಳಿ ನೋಡುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ತಾವಷ್ಟೇ ಇದ್ದಿದ್ದರೆ ಉಪ್ಪಿಟ್ಟಿನಲ್ಲಿ ಕಳೆದುಹೋಗುತ್ತಿತ್ತು. ಆದರೆ ಪಕ್ಕದ ಮನೆಯ ರೀಟ್ ಊಟಕ್ಕೆ ಬರುವವರಿದ್ದರು. ಒಂಟಿ ಹೆಂಗಸು, ಪ್ರತಿವರ್ಷ ಇಲ್ಲಿಯವರ ಎರಡನೆಯ ಕ್ರಿಸ್‌ಮಸ್ಸಿಗೆ, ಅಂದರೆ ಹಬ್ಬದ ಮಾರನೆಯ ದಿನವಾದ ಇವತ್ತು, ಬರುತ್ತಿದ್ದ ಮಗ ಈ ಸಲ ಜ್ವರ ಬಂದು ಮಲಗಿದ್ದ. ಬೇಲಿಯಾಚೆಯಿಂದ ತಲೆಯಾಡಿಸುವುದರಾಚೆಗೆ ಬೆಳೆಯದ ನೆರೆತನ ಅದು. ಸ್ಮೃತಿ ನಿನ್ನೆ ಧೈರ್ಯ ಮಾಡಿ, ಇಡ್ಲಿಯ ಆಸೆ ತೋರಿಸಿ ಕರೆದಿದ್ದಳು. ಅವಳ ಲೆಕ್ಕದಲ್ಲಿ ಹಬ್ಬದ ಮಾರನೆಯ ದಿನವೆಂದರೆ ವರ್ಷತೊಡಕು: ಅವತ್ತು ಮನೆಯಲ್ಲಿ ಏನು ನಡೆಯುತ್ತದೋ ವರ್ಷವಿಡೀ ಅದೇ. ಅವತ್ತು ಮನೆಗೆ ಒಬ್ಬರಾದರೂ ನೆಂಟರು ಬರಬೇಕೆಂಬುದು ಅವಳ ಆಸೆ.

"ಹಾಗಾದ್ರೆ ವರ್ಷವಿಡೀ ನಂಗೆ ಬೈಗುಳ," ಎಂದ ಸುಜಯ್.

"ನಗಬೇಡ. ಅವರಿಗೆ ಏನಂತ ಬಡಿಸ್ಲಿ?"

ಏಳು ವರ್ಷದ ಹಿತಾ ಕುರ್ಚಿ ಹತ್ತಿ ಪಾತ್ರೆಯೊಳಗೆ ನೋಡಿದಳು. "ಅಮ್ಮಾ, ಹಾಫ್ ಆಗಿದೆಯಲ್ವಾ? ಜಸ್ಟ್ ಬೇಕ್ ಇಟ್!"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಬೇರೆ ದಾರಿಯೂ ಇರಲಿಲ್ಲ. ಸ್ಮೃತಿ ಓವನ್ನಿನ ಬಾಗಿಲು ಮುಚ್ಚಿದಳು.

ರೀಟ್ ಹೇಳಿದ ಗಳಿಗೆಗೆ ಸರಿಯಾಗಿ, ಒಂದು ಹೂಕುಂಡ ಹಿಡಿದು ಬಂದರು. ಸುಜಯ್ ಪಾತ್ರೆಯನ್ನು ತಟ್ಟೆಯ ಮೇಲೆ ಕವುಚಿ ಬೆನ್ನು ತಟ್ಟಿದ. ದೊಪ್ಪೆಂದು ಬಿತ್ತು: ಪೀಠದಂಥ ಇಡ್ಲಿ, ಮೈಯೆಲ್ಲ ಕೆಂಪು. ಸ್ಮೃತಿಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹಿತಾ ಮಾತ್ರ ನಡೆದದ್ದನ್ನೆಲ್ಲ, ಅಪ್ಪನ ಬನ್ನನ್ನೂ ಬಿಡದೆ, ಡಚ್ಚಿನಲ್ಲಿ ಒದರಿಬಿಟ್ಟಳು.

ರೀಟ್ ಗಂಭೀರವಾಗಿ ಕೇಳಿಸಿಕೊಂಡರು. ಇಡ್ಲಿಯನ್ನು ಒಂದು ಸುತ್ತು ನೋಡಿದರು. ಏನೋ ಹೇಳಿ, ಚಪ್ಪಲಿ ಮೆಟ್ಟಿ ಹೊರಟೇಹೋದರು.

"ಹೋದ್ರಾ?" ಸ್ಮೃತಿಯ ದನಿ ಉಡುಗಿತು.

"ವಾಪಸ್ ಬರ್ತಾರೆ, ಅಮ್ಮಾ. ಸಮ್‌ಥಿಂಗ್ ತರ್ತಾರಂತೆ."

ಬಂದರು. ಒಂದು ಕೈಯಲ್ಲಿ ಸಕ್ಕರೆ ಪುಡಿ, ಇನ್ನೊಂದರಲ್ಲಿ ಹಿಡಿ ಸವೆದ ಪುಟ್ಟ ಜರಡಿ. ಇಡ್ಲಿಯ ಮೇಲೆ ಜರಡಿ ಹಿಡಿದು ತಟ್ಟಿದರು. "ಸ್ನೋ!" ಎಂದು ಹಿತಾ ಕಿರುಚಿದಳು, ಚಳಿಗಾಲವಿಡೀ ಅವಳು ಕಾದಿದ್ದ ಹಿಮ ಅದು. ಸ್ಮೃತಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಎಲ್ಲರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ರೀಟ್ ಮೊದಲ ತುಂಡನ್ನು ಸಕ್ಕರೆಯ ಜೊತೆ ತಿಂದರು, ಎರಡನೆಯದನ್ನು ಸಾಂಬಾರಿನಲ್ಲಿ ಅದ್ದಿ, ಮೂಗು ಒರೆಸಿಕೊಳ್ಳುತ್ತ, ಇನ್ನಷ್ಟು ಸಾಂಬಾರು ಕೇಳಿದರು.

"ನೋಡಿದ್ಯಾ, ನನ್ನ ಐಡಿಯಾ," ಎಂದ ಸುಜಯ್, ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವವನ ಹಾಗೆ.

ಸಂಜೆ ಪಾತ್ರೆ ತೊಳೆಯುವಾಗ ಜರಡಿ ಇಲ್ಲೇ ಉಳಿದದ್ದು ಕಂಡಿತು. ಒರೆಸಿ, ಕೊಟ್ಟುಬರೋಣವೆಂದು ಸ್ಮೃತಿ ಹೊರಗೆ ಬಂದಳು. ಪಕ್ಕದ ಮನೆಯ ಪರದೆಯಿಲ್ಲದ ಕಿಟಕಿಯೊಳಗೆ, ದೀಪದ ಕೆಳಗೆ ರೀಟ್ ಹೆಣೆಯುತ್ತ ಕೂತಿದ್ದರು. ಇವಳ ಕೈಯಲ್ಲಿದ್ದ ಜರಡಿಯನ್ನು ನೋಡಿದರು. ಬೇಡ, ಅಲ್ಲೇ ಇರಲಿ ಎಂಬಂತೆ ಕೈಯಾಡಿಸಿ ಮತ್ತೆ ಹೆಣಿಗೆಗೆ ತಲೆ ಬಗ್ಗಿಸಿದರು.

ಸ್ಮೃತಿ ಒಳಗೆ ಬಂದು, ಒಲೆಯ ಪಕ್ಕದ ಮೊಳೆಗೆ, ಕಾವಲಿಯ ಜೊತೆಯಲ್ಲೇ ಅದನ್ನು ತೂಗುಹಾಕಿದಳು.