ಸೆರೆಮನೆಯ ಗೃಹಪ್ರವೇಶ

ಹ್ಯಾಲ್ಸಿ ಬೀದಿಯ ಹಳೇ ಜೈಲನ್ನು ಒಡೆದು ಫ್ಲ್ಯಾಟು ಮಾಡಲು ಅದರೊಳಗೆ ಕೊಳೆತು ಬಂದ ನಮ್ಮನ್ನೇ ಕರೆದರು. ಷರತ್ತಿನ ಮೇಲೆ ಹೊರಬಿಟ್ಟ ಪೆರೋಲಿನವರು ಅಗ್ಗಕ್ಕೆ ಸಿಗುತ್ತೇವೆ, ಎದುರು ಮಾತಾಡುವುದಿಲ್ಲ. ಬಫಲೋ ನಗರದ ಪೋಸ್ಟ್‌ಕಾರ್ಡುಗಳಲ್ಲೆಲ್ಲ ಆ ಜೈಲಿನ ಕಲ್ಲಿನ ಗೋಪುರವೇ. ಹಾಗಾಗಿ ಹೊರಗಿನ ಒಂದು ಕಲ್ಲೂ ಅಲುಗಬಾರದು, ಒಳಗಿನದೆಲ್ಲ ಪುಡಿಯಾಗಬೇಕು ಎಂದು ಅಪ್ಪಣೆ. ಜೈಲು ನಮಗೆ ಮಾಡಿದ್ದೂ ಅದನ್ನೇ.

ಪುಡಿ ಮಾಡಿದೆವು. ನನ್ನ ಹಳೆಯ ಕೋಣೆಯ ಗೋಡೆಗೆ ಸುತ್ತಿಗೆ ಬೀಸುವಾಗ ಒಬ್ಬೊಬ್ಬ ಕಾವಲುಗಾರನ ದನಿ ತೆಗೆದು, "ಅಯ್ಯೋ ಬಿಡ್ರಪ್ಪಾ, ಸತ್ತೆ!" ಎಂದು ನಾನು ಅರಚುತ್ತಿದ್ದೆ. ಜೊತೆಯವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕ್ಲೈಡ್ ಪಿಕೆನ್ಸ್ ಮಾತ್ರ, "ಯಾರ್ದಾದ್ರೂ ಮಾಡು ವೆಂಡೆಲ್, ಡನ್ಲೆವಿದು ಬೇಡ," ಎಂದಿದ್ದ.

ನಾವು ಒಳಗಿದ್ದಾಗ ಕೈದಿಗಳ ಲೆಕ್ಕ ತೆಗೆಯಲು ಬೆಳಿಗ್ಗೆ ಸಂಜೆ ಕಾವಲುಗಾರ ಡನ್ಲೆವಿ "ಎಣಿಕೆ!" ಎಂದು ಕೂಗಿದರೆ ಕೈಯಲ್ಲಿದ್ದದ್ದನ್ನು ಬಿಟ್ಟು, ಸರಳುಗಳ ನಡುವೆ ಎರಡೂ ಕೈ ಹೊರಗೆ ಚಾಚಿ ನಿಲ್ಲಬೇಕಿತ್ತು. ಒಮ್ಮೆ ಕ್ಲೈಡ್ ಜ್ವರದಲ್ಲಿ ಮಲಗಿಯೇ ಇದ್ದ. ಡನ್ಲೆವಿ ಒಳಗೆ ನುಗ್ಗಿ ಲಾಠಿಯಿಂದ ಎಬ್ಬಿಸಿದ. ಅವತ್ತಿನಿಂದ ಕ್ಲೈಡನ ಒಂದು ಕಿವಿ ಕೇಳುವುದಿಲ್ಲ.

ಕ್ಲೈಡನ ಪೆರೋಲ್ ಬರುವ ಶುಕ್ರವಾರ ಮುಗಿದು ಅವನು ಪೂರ್ತಿ ಬಿಡುಗಡೆಯಾಗುತ್ತಿದ್ದ. ಅಷ್ಟರೊಳಗೆ ಯಾರ ಮೇಲೆ ಕೈಯೆತ್ತಿದರೂ, ಕಾರಣ ಏನೇ ಇರಲಿ, ಮತ್ತೆ ನಾಲ್ಕು ವರ್ಷ ಒಳಗೆ.

ಅದಕ್ಕೆ ಮೊದಲಿನ ಭಾನುವಾರ ಮಧ್ಯಾಹ್ನ ಕೊಂಡವರಿಗೆ ಫ್ಲ್ಯಾಟುಗಳನ್ನು ತೋರಿಸುವ ಸಮಾರಂಭ. ಸೆರೆಮನೆಯಲ್ಲಿ ಅಕ್ಷರಶಃ ಸೆರೆ ಹರಿಯಿತು, ಅದೂ ಫ್ರಾನ್ಸಿನದು. ಕೆಳಗಿನ ಹಜಾರದ ಒಂದು ಸಾಲು ಕೋಣೆಗಳನ್ನು ಸರಳು ಸಮೇತ ಉಳಿಸಿಕೊಂಡಿದ್ದರು. ಮನೆ ಕೊಂಡವರು ಇನ್ನು ಅಲ್ಲಿ ತಮ್ಮ ವೈನ್ ಬಾಟಲಿಗಳನ್ನು ಬಂಧಿಸಿಡಬಹುದು. ಕೆಲಸ ಹಿಂದೆ ಬಿದ್ದಿದ್ದರಿಂದ ನಾವು ಅವುಗಳೊಳಗೆ ಕೂತು ಇನ್ನೂ ಹಲಗೆ ಬಡಿಯುತ್ತಿದ್ದೆವು.

"ಇದು ಬರೀ ಮನೆಯಲ್ಲಾ, ಇದೊಂದು ಅನುಭವಾ!" ಎಂದು ಮಾರಾಟದ ಬ್ರುಕ್ ಮೇಡಂ ಪ್ರತಿ ಮಾತಿನ ಬಾಲಕ್ಕೂ ಜೇನು ಸವರುತ್ತಿದ್ದಳು. "ಆ ಕಾಲದ ನಿಜವಾದ ಕಾವಲುಗಾರರೊಬ್ಬರನ್ನೇ ಕರೆಸಿದೀವಿ, ನೋಡಿ!"

ಮೆಟ್ಟಿಲಿಳಿದು ಬಂದವನು ಡನ್ಲೆವಿ. ಅದೇ ಸಮವಸ್ತ್ರ. ಗುಂಡಿಗಳು ಹೊಟ್ಟೆಯ ಜೊತೆ ಜಗಳಕ್ಕೆ ನಿಂತಿದ್ದವು. ಕೈಯಲ್ಲಿ ಅದೇ ಲಾಠಿ.

"ಎಣಿಕೆ!"

ನನ್ನ ಕೈಯ ಡ್ರಿಲ್ ಕೆಳಗೆ ಬಿತ್ತು. ಯೋಚನೆ ಹುಟ್ಟುವ ಮೊದಲೇ ನಾನು ಸರಳಿನ ಹತ್ತಿರ ಕೈ ಚಾಚಿ ನಿಂತಿದ್ದೆ. ಪಕ್ಕಕ್ಕೆ ನೋಡಿದರೆ ಸಾಲಿನುದ್ದಕ್ಕೂ ಕೈಗಳು, ಸುಣ್ಣ ಮೆತ್ತಿದ ಕೈಗಳು.

ಜನ ಚಪ್ಪಾಳೆ ತಟ್ಟಿದರು. ಫೋನುಗಳು ಮೇಲೆದ್ದವು.

ಡನ್ಲೆವಿಗೂ ಒಂದು ಗಳಿಗೆ ಅರ್ಥವಾಗಲಿಲ್ಲ. ಆಮೇಲೆ ಮುಖ ಅರಳಿತು. ಲಾಠಿಯನ್ನು ಸರಳುಗಳ ಮೇಲೆ ಕಟಕಟ ಎಳೆಯುತ್ತ ಬಂದು ಕ್ಲೈಡನ ಮುಂದೆ ನಿಂತ.

"ಓಹೋ, ಪಿಕೆನ್ಸ್! ಇನ್ನೂ ಇಲ್ಲೇ ಇದೀಯೇನೋ ಮಗನೇ? ಬಾಡಿಗೆ ಕಟ್ತೀಯೋ ಇಲ್ವೋ?"

ಜನ ನಕ್ಕರು. ನಗು ಕೇಳಿ ಅವನಿಗೆ ಹುರುಪೇರಿತು. "ಎಣಿಕೆಗೆ ಕೈ ಸರಿಯಾಗಿ ಚಾಚದವನಿಗೆ ನಾವು ಏನ್ ಮಾಡ್ತಿದ್ವಿ ಗೊತ್ತಾ?" ಎಂದು ಕ್ಲೈಡನ ಮಣಿಕಟ್ಟಿಗೆ ಬಾರಿಸಿದ. ಮೂಳೆಯ ಸದ್ದು ನನಗೆ ಕೇಳಿತು. ಕ್ಲೈಡ್ ಕೈ ಎಳೆದುಕೊಳ್ಳಲಿಲ್ಲ.

"ಎಷ್ಟ್ ಸಹಜವಾಗಿ ಮಾಡ್ತಾರಲ್ವಾ!" ಎಂದಳು ಗುಂಪಿನಲ್ಲಿದ್ದ ಬಿಳಿ ಬೂಟಿನ ಹೆಂಗಸೊಬ್ಬಳು.

"ಶುಕ್ರವಾರ ಕಣೋ ಕ್ಲೈಡ್," ಎಂದೆ ಪಕ್ಕದ ಕೋಣೆಯಿಂದ. "ಶುಕ್ರವಾರ ನೆನಪಿಟ್ಕೋ."

ಡನ್ಲೆವಿ ಲಾಠಿಯ ತುದಿಯನ್ನು ಸರಳಿನ ಸಂದಿಯಿಂದ ಕ್ಲೈಡನ ಬಾಯಿಗೆ ತಿವಿದ. ಹಲ್ಲು ಮುರಿಯಿತು. ಮತ್ತೆ ತಿವಿಯಲು ಬಗ್ಗಿದಾಗ ಕ್ಲೈಡ್ ಅವನ ಕಾಲರು ಹಿಡಿದು ಎಳೆದ. ಮೂಗು ಕಬ್ಬಿಣಕ್ಕೆ ಬಡಿದು ಚಪ್ಪಟೆಯಾಯಿತು. ಬಿಟ್ಟು ಮತ್ತೆ ಎಳೆದ. ಮತ್ತೆ. ಕೊನೆಯ ಸಲ ದವಡೆ ಲಟಕ್ಕೆಂದಿತು. ನೆತ್ತರು ಹಾರಿ ಬಿಳಿ ಬೂಟಿನ ಮೇಲೆ ಬಿದ್ದ ಮೇಲೇ ಚಪ್ಪಾಳೆ ನಿಂತದ್ದು.

ಹೊರಗೆ ಪೊಲೀಸ್ ಸೈರನ್. ಯಾರೋ ಫೋನ್ ಮಾಡಿಯೇಬಿಟ್ಟಿದ್ದರು.

ಬ್ರುಕ್ ಮೇಡಂ ಕೊಂಡವರ ಕಡೆ ತಿರುಗಿದಳು. ಜೇನು ಆರಿಹೋಗಿತ್ತು. "ಇಲ್ಲಿ ರಕ್ತ ಹರೀತು ಅಂತ ಪೇಪರ್ನಲ್ಲಿ ಬಂದ್ರೆ ಈ ಮನೆಗಳನ್ನ ನಾಯಿನೂ ಮೂಸಲ್ಲ. ನೀವೆಲ್ಲ ಆಗ್ಲೇ ಖರೀದಿಗೆ ಸಹಿ ಹಾಕಿದೀರಿ."

ಒಂದೊಂದಾಗಿ ಫೋನುಗಳು ಜೇಬು ಸೇರಿದವು. ಅವಳು ಬಗ್ಗಿ, ನೆಲಕ್ಕೆ ಬಿದ್ದಿದ್ದ ಡನ್ಲೆವಿಯ ಕಿವಿಯಲ್ಲಿ ಹೇಳಿದಳು: "ಮೊದ್ಲು ಹೊಡೆದದ್ದು ನೀವು, ಅಂಕಲ್. ಎಲ್ಲರ ಫೋನಲ್ಲೂ ಇದೆ."

ಒಳಗೆ ಬಂದ ಪೊಲೀಸಿನವನು ನೆಲದ ಮೇಲಿದ್ದವನನ್ನು ನೋಡಿದ. "ಏನಾಯ್ತು?"

"ಜಾರಿ ಬಿದ್ರು," ಎಂದಳು ಬ್ರುಕ್. "ಹೊಸಾ ಅಮೃತಶಿಲೆ."

"ಹೌದ್ಹೌದು, ಜಾರಿದ್ರು," ಎಂದಳು ಬೂಟಿನವಳು, ಒಂದು ಕಾಲನ್ನು ಇನ್ನೊಂದರ ಹಿಂದೆ ಅಡಗಿಸಿಕೊಂಡು. ಡನ್ಲೆವಿ ಏನೋ ಹೇಳಹೋಗಿ ಗೊರಗೊರ ಅಂದ, ಆಮೇಲೆ ಬ್ರುಕ್ ಮುಖ ನೋಡಿ ಕಣ್ಣು ಮುಚ್ಚಿಕೊಂಡ.

ಪೊಲೀಸಿನವನು ಕ್ಲೈಡನ ಕೋಣೆಯ ಮುಂದೆ ನಿಂತ. "ನಿನಗೇನಾಯ್ತಯ್ಯಾ? ಬಾಯ್ಬಿಡು."

ಬಾಯಿ ಬಿಟ್ಟರೆ ಎಲ್ಲ ಹೊರಗೆ ಬರುತ್ತಿತ್ತು. ಕ್ಲೈಡ್ ಗಂಟಲು ಕುಣಿಸಿ ನೆತ್ತರನ್ನೂ ಹಲ್ಲನ್ನೂ ಒಟ್ಟಿಗೇ ನುಂಗಿದ.

"ನಾನೂ ಜಾರಿದೆ ಸಾರ್," ಎಂದ.