ಬೇಲಿಯಾಚೆಯ ಹೆಸ್ಟರ್

ಮಹಡಿಯ ಕಿಟಕಿಯಿಂದ ಹಿತ್ತಿಲ ಕಡೆ ನೋಡಿದ ವಿಜಯಾ ತಟ್ಟನೆ ಬ್ಲೈಂಡ್ ಇಳಿಸಿಬಿಟ್ಟಳು. ಮರದ ಬೇಲಿಯಾಚೆ, ಪೆಕಾನ್ ಮರದಡಿಯಲ್ಲಿ, ನಾಲ್ಕೈದು ಬೂದು ಕಲ್ಲುಗಳು ಓರೆಯಾಗಿ ನಿಂತಿದ್ದವು. ಸುತ್ತ ಮೊಣಕಾಲೆತ್ತರದ ಕಬ್ಬಿಣದ ಕಂಬಿ. ಅವು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ.

ಕೆಳಗೆ ಅವಳ ಗಂಡ ರಘೂತ್ತಮ ಮುಂಬಾಗಿಲಲ್ಲಿ ಫೋನು ಹಿಡಿದು ದಿಕ್ಕು ನೋಡುತ್ತಿದ್ದ. “ಪಕ್ಕಾ ಪೂರ್ವ ಅಮ್ಮ!”

“ಅದನ್ನ ಫೋನ್ ಹೇಳ್ಬೇಕೇನೋ? ಕಣ್ಣಿಗೆ ಬಿಸಿಲು ಹೊಡೀತಿದೆ,” ಎಂದರು ಶಾರದಮ್ಮ. ಮೈಸೂರಿನಿಂದ ಮಗನ ಮನೆಗೆ ಬಂದು ತಿಂಗಳಾಗಿತ್ತು.

ಮನೆ ತೋರಿಸಲು ಬಂದಿದ್ದ ಏಜೆಂಟ್ ನಳಿನಿ ನಕ್ಕಳು. “ಇನ್ನೊಂದು ಪ್ಲಸ್ ಪಾಯಿಂಟ್ ಆಂಟಿ. ಹಿಂದೆ ಯಾರೂ ಮನೆ ಕಟ್ಟೋ ಹಾಗಿಲ್ಲ. ಫುಲ್ ಪ್ರೈವಸಿ.”

“ಈ ಅಲೆನ್ ಊರ ತುಂಬ ಮನೆ ಏಳ್ತಾ ಇದೆ. ಅಲ್ಲಿ ಮಾತ್ರ ಯಾಕಮ್ಮ ಕಟ್ಟಲ್ಲ?”

“ಅದು... ಹೆರಿಟೇಜ್ ಲ್ಯಾಂಡು ಆಂಟಿ.”

ಮೆಟ್ಟಿಲಿಳಿಯುತ್ತಿದ್ದ ವಿಜಯಾಳ ಕಣ್ಣೂ ನಳಿನಿಯ ಕಣ್ಣೂ ಒಂದು ಗಳಿಗೆ ಕೂಡಿದವು. ಇಬ್ಬರೂ ಬೇರೆ ಕಡೆ ನೋಡಿದರು.

ಹ್ಯೂಸ್ಟನ್, ಆಸ್ಟಿನ್, ಪ್ಲೇನೋ ಎಂದು ಮದುವೆಯಾದಾಗಿನಿಂದ ಬಾಡಿಗೆ ಮನೆಗಳಲ್ಲೇ ಇದ್ದವಳು ವಿಜಯಾ. ತನ್ನದೆನ್ನುವ ಗೋಡೆಗೆ ಒಂದು ಮೊಳೆ ಹೊಡೆದಿರಲಿಲ್ಲ. ಮೆಚ್ಚಿದ ಮನೆಗಳಲ್ಲಿ ಕೆಲವು ಬೇರೆಯವರ ಪಾಲಾಗಿದ್ದವು. ಉಳಿದವನ್ನು ರಘೂತ್ತಮನೇ ಬಿಟ್ಟಿದ್ದ: ಒಂದರ ಈಶಾನ್ಯದಲ್ಲಿ ಬಚ್ಚಲು, ಇನ್ನೊಂದರ ಬಾಗಿಲಿಗೆ ಎದುರಾಗಿ ಮೆಟ್ಟಿಲು. ಈ ಸಲ ಅವನದು ಒಂದೇ ಮಾತು, ಅಮ್ಮ ಹೂಂ ಅಂದರೆ ಸರಿ. ಇವತ್ತು ಸಂಜೆಯೊಳಗೆ ಆಫರ್ ಹಾಕಬೇಕು, ತಪ್ಪಿದರೆ ಇದೂ ಹೋಯಿತು.

ರಘೂತ್ತಮ ನಳಿನಿಯ ಜೊತೆ ಗರಾಜಿಗೆ ಹೋದ. ವಿಜಯಾ ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿ ನೋಡಿ ಹಿಂದಿರುಗುವಷ್ಟರಲ್ಲಿ ಅತ್ತೆ ಇರಲಿಲ್ಲ. ಹಿತ್ತಿಲ ಗೇಟು ತೆರೆದಿತ್ತು.

ಅವಳು ಓಡಿದಳು. ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಮೊಮ್ಮಗಳ ಹಳೇ ಶೂ ಹಾಕಿದ್ದ ಶಾರದಮ್ಮ ಕಂಬಿಯ ಒಳಗೇ ನಿಂತಿದ್ದರು.

“ಇದೇನಾ ನಿಮ್ಮ ಹೆರಿಟೇಜು?”

“ಅತ್ತೆ... ಮೇಲಿಂದ ನೋಡಿದೆ. ಹೇಳೋಕೆ ಬಾಯಿ ಬರ್ಲಿಲ್ಲ.”

“ಅದಕ್ಕೇ ಕಿಟಕಿ ಮುಚ್ಚಿದ್ಯಾ? ಇರ್ಲಿ. ಯಾರದಿದು? ಓದು.”

ವಿಜಯಾ ಬಗ್ಗಿ ನೋಡಿದಳು. ಕಲ್ಲಿನ ಕೆಳಗಿನ ಸಾಲುಗಳು ಪಾಚಿ ಕಟ್ಟಿ ಮಾಸಿಹೋಗಿದ್ದವು. ಮೇಲಿನ ಸಾಲು ಮಾತ್ರ ಸ್ಪಷ್ಟ. “ಹೆಸ್ಟರ್. ಜೋಸಯ ಅನ್ನೋರ ಹೆಂಡತಿ. ಹುಟ್ಟಿದ್ದು ಕೆಂಟಕಿ.” ಅಷ್ಟು ಓದುತ್ತಲೇ ಅವಳ ತಲೆಯಲ್ಲಿ ದಾರಿಯೊಂದು ಹೊಳೆಯಿತು. ಮಾತು ತಾನಾಗಿ ಬಂತು. “ನೋಡಿ ಅತ್ತೆ, ಗಂಡನ ಹೆಸರಿನ ಜೊತೆ ಹೋದವಳು, ಮುತ್ತೈದೆ. ನಮ್ಮಲ್ಲೂ ಶುಭಕಾರ್ಯಕ್ಕೆ ಮುಂಚೆ ಮುತ್ತೈದೆಯಾಗಿ ಹೋದವರಿಗೆ ಸೀರೆ ಇಟ್ಟು ಹೂವೀಳ್ಯ ಮಾಡ್ತೀವಲ್ಲ? ಗೃಹಪ್ರವೇಶಕ್ಕೆ ಮುಂಚೆ ಇವಳಿಗೂ ಮಾಡ್ಬಿಡೋಣ. ದೋಷ ಏನೂ ಇರಲ್ಲ.”

ಶಾರದಮ್ಮ ಸೊಸೆಯ ಮುಖ ನೋಡಿದರು. “ಹಾಗಂತ ಬರೆದಿದ್ಯಾ?”

“ಹೆಂಡತಿ ಅಂತಿದೆ.”

“ನಾನೂ ಹೆಂಡತೀನೇ. ಗಂಡ ಎಲ್ಲಿದ್ದಾನೆ ಹುಡುಕು.”

ಜೋಸಯನ ಕಲ್ಲು ಪಕ್ಕದಲ್ಲೇ ಹುಲ್ಲಿನೊಳಗೆ ಅರ್ಧ ಹೂತಿತ್ತು. ವಿಜಯಾ ಅದರ ಮೇಲಿನ ಇಸವಿ ಓದಿದಳು. ಮತ್ತೆ ಹೆಸ್ಟರಳ ಕಲ್ಲಿಗೆ ಬಂದು ಸೆರಗಿನ ತುದಿಯಿಂದ ಪಾಚಿ ಉಜ್ಜಿದಳು.

“ಹೇಳೇ.”

“ಅವನು ಹೋದಾಗ ಇವಳಿಗೆ ಇಪ್ಪತ್ತಾರು, ಅತ್ತೆ. ಆಮೇಲೆ ಮೂವತ್ತು ವರ್ಷದ ಮೇಲೆ ಇದ್ದಾಳೆ.”

ಹೆದ್ದಾರಿಯ ಕಡೆಯಿಂದ ಕಾರುಗಳ ಮೊರೆತ ಕೇಳಿಬರುತ್ತಿತ್ತು. ಹೋದ ವಾರ ಫ್ರಿಸ್ಕೋದ ಗೆಳತಿಯೊಬ್ಬಳು ಅರಿಶಿನ ಕುಂಕುಮಕ್ಕೆ ಕರೆದಿದ್ದಾಗ, ಅತ್ತೆ ಕಾರಿನಲ್ಲೇ ಕೂತು ‘ನೀನು ಹೋಗ್ಬಾ’ ಎಂದಿದ್ದರು. ವಿಜಯಾ ಒಬ್ಬಳೇ ಹೋಗಿಬಂದಿದ್ದಳು. ಈಗ ಅವಳಿಗೆ ಅತ್ತೆಯ ಮುಖ ನೋಡಲಾಗಲಿಲ್ಲ. ಮನೆ ಹೋಯಿತು ಎಂದುಕೊಂಡಳು.

ಶಾರದಮ್ಮ ಕಂಬಿಯ ಮೂಲೆಗೆ ಕೈ ಊರಿ ನಿಧಾನಕ್ಕೆ ಹುಲ್ಲಿನ ಮೇಲೆ ಕೂತರು. “ವಾಪಸ್ ಹೋಗ್ಲಿಲ್ವಾ ತವರಿಗೆ?”

“ಹೋಗಿದ್ರೆ ಕಲ್ಲು ಇಲ್ಲಿರ್ತಿರ್ಲಿಲ್ಲ ಅಲ್ವಾ.”

“ಆಗ ಇಲ್ಲಿ ಏನಿತ್ತು?”

“ಹುಲ್ಲುಗಾವಲು ಅಷ್ಟೇ. ಎತ್ತಿನ ಗಾಡೀಲಿ ಬಂದು ಮರದ ದಿಮ್ಮಿ ಜೋಡಿಸಿ ಮನೆ ಕಟ್ಕೋತಿದ್ರಂತೆ. ಅದಕ್ಕೂ ಮುಂಚೆ ಇಲ್ಲಿದ್ದೋರನ್ನ ಓಡಿಸಿದ್ರು, ಅದು ಬೇರೆ ಕಥೆ.”

“ಗಂಡಸಿಲ್ಲದೆ ದಿಮ್ಮಿ ಯಾರು ಎತ್ತಿದ್ರು? ಸೂರು ಸೋರಿದ್ರೆ?” ಶಾರದಮ್ಮ ಉತ್ತರಕ್ಕೆ ಕಾಯಲಿಲ್ಲ. “ಜೋಳ ಬೆಳೆದಿರ್ಬೇಕು. ರಾತ್ರಿ ಯಾರ ಹತ್ರ ಮಾತಾಡ್ತಿದ್ಲು? ಬೇರೆ ಮದುವೆ ಆಗು ಅಂತ ಯಾರಾದ್ರೂ ತಲೆ ತಿಂದಿರ್ತಾರೆ. ಇವಳು ಬೇಡ ಅಂದಿರ್ತಾಳೆ, ನೋಡು, ಕಲ್ಲಲ್ಲಿ ಗಂಡ ಅಂತ ಒಬ್ಬನದೇ ಹೆಸರು.”

ಗೇಟು ದಡಾರನೆ ಬಡಿದುಕೊಂಡಿತು. ರಘೂತ್ತಮ ಓಡಿ ಬಂದವನು ಕಂಬಿಯಿಂದ ನಾಲ್ಕು ಮಾರು ದೂರದಲ್ಲೇ ನಿಂತ.

“ಅಮ್ಮ! ಅದು ಸ್ಮಶಾನ! ಎದ್ದು ಬನ್ನಿ ಮೊದ್ಲು. ನಳಿನಿ ಈಗ ಬಾಯಿಬಿಟ್ರು. ಬೇಡವೇ ಬೇಡ ಈ ಮನೆ.”

“ಕೂಗಬೇಡ್ವೋ. ಸ್ನಾನ ಮಾಡಿದ್ರಾಯ್ತು.”

“ಇಲ್ಲಿ ವಾಸ ಮಾಡಿದ್ರೆ ದಿನಾ ಸ್ನಾನಾನಾ?”

“ಈಗ ದಿನಾ ಮಾಡಲ್ವಾ ನೀನು?”

ವಿಜಯಾಳಿಗೆ ನಗು ತಡೆಯಲಾಗಲಿಲ್ಲ. ರಘೂತ್ತಮ ಹೆಂಡತಿಯನ್ನೊಮ್ಮೆ ತಾಯಿಯನ್ನೊಮ್ಮೆ ನೋಡಿದ.

“ಅಲ್ಲಮ್ಮ, ಮನೆಯ ಬೆನ್ನಿಗೇ...”

“ನಾವು ಅವಳ ಬೆನ್ನಿಗೆ ಬಂದಿರೋದು ಕಣೋ. ಅವಳು ಮೊದ್ಲು ಬಂದೋಳು.” ಶಾರದಮ್ಮ ಸೊಸೆಯ ಭುಜ ಹಿಡಿದು ಎದ್ದರು. “ಅರಿಶಿನ ಕುಂಕುಮಕ್ಕೆ ನಮ್ಮಿಬ್ಬರನ್ನೂ ಕರೆಯಲ್ಲ. ಮನೇಲಿ ಒಬ್ಬಳೇ ಕೂತಾಗ ಇತ್ತ ಬಂದು ಕೂತ್ಕೋತೀನಿ. ಆ ಹುಡುಗಿಗೆ ಹೂಂ ಅಂತ ಹೇಳು, ಹೋಗು.”

ಅವನು ನಿಂತಲ್ಲಿಂದಲೇ ಫೋನು ಕಿವಿಗಿಟ್ಟುಕೊಂಡ. “ನಳಿನಿ, ಆಫರ್ ಹಾಕ್ಬಿಡಿ.”

ಶಾರದಮ್ಮ ಆಗಲೇ ಕಂಬಿ ದಾಟಿ ಇಳಿಜಾರಿನತ್ತ ನೋಡುತ್ತಿದ್ದರು.

“ವಿಜಯಾ, ನೀರು ಎಲ್ಲಿಂದ ತರ್ತಿದ್ಲೇ ಇವಳು?”

“ಗೊತ್ತಿಲ್ಲ ಅತ್ತೆ.”

“ದೂರ ಇರಲ್ಲ. ಕೊಡ ಹೊರೋಳು ಮನೇನ ದೂರ ಕಟ್ಟಿಸ್ಕೊಳ್ಳಲ್ಲ.”

ಇಬ್ಬರೂ ಕೈ ಹಿಡಿದುಕೊಂಡು ಇಳಿದರು. ಒಣ ಹುಲ್ಲು ಸೀರೆಯ ಅಂಚಿಗೆ ಅಂಟುತ್ತಿತ್ತು. ಮುಳ್ಳುಪೊದೆಯೊಂದನ್ನು ವಿಜಯಾ ಕೈಯಿಂದ ಸರಿಸಿ ಹಿಡಿದಳು. ಅದರ ಕೆಳಗೆ, ಸುಣ್ಣಕಲ್ಲಿನ ಸಂದಿಯಲ್ಲಿ, ಅಂಗೈ ಅಗಲದ ನೀರು ಸದ್ದಿಲ್ಲದೆ ಹರಿಯುತ್ತಿತ್ತು.