ಅಳತೆಗೆ ನಿಂತವನು

"ಅಡ್ಡ ತಿರ್ಗಿ ನಿಲ್ಲ್, ಬೋಳಿಮಗನೆ. ಮುಖ ನನ್ನ್ ಬದಿಗಲ್ಲ, ಗ್ವಾಡಿ ಬದಿಗೆ ಹಾಕ್."

ಐತ ಗೋಡೆಯತ್ತ ಮುಖ ಮಾಡಿ ನಿಂತ. ಎದೆಯ ಮುಂದೊಂದು ಕಬ್ಬಿಣದ ಪೈಪು, ಬೆನ್ನ ಹಿಂದೊಂದು. ಮುಂದಿನದನ್ನು ಐತ ಕೆಲಸಕ್ಕಿದ್ದ ವರ್ಕ್‌ಶಾಪಿನ ಧಣಿ ರತೀಶ ನೆಟ್ಟಗೆ ಹಿಡಿದಿದ್ದ. ಹಿಂದಿನದನ್ನು ಶೈಲೇಶ ಒಡೆಯರು ಬೂಟುಗಾಲಿನಿಂದ ಒತ್ತುತ್ತಿದ್ದರು. ಕೈಯಲ್ಲಿ ಒತ್ತಿದರೆ ಐತನ ಬೆನ್ನು ಎಲ್ಲಿ ತಾಗಿಬಿಡುತ್ತದೋ ಎಂಬ ಎಚ್ಚರ ಅವರದು.

"ಉಸ್ರ್ ಬಿಡ್. ಪೂರ್ತಿ ಬಿಡ್."

ಐತ ಉಸಿರು ಬಿಟ್ಟ. ಹೊಟ್ಟೆ ಒಳಗೆ ಹೋಯಿತು. ಪೈಪು ಇನ್ನೂ ಒಂದು ಬೆರಳು ಹತ್ತಿರ ಬಂತು.

"ಹಾಂ, ಇಷ್ಟೇ ಸಾಕ್. ಅಳತಿ ತಕೋ ರತೀಶ. ಇವ ದಾಟಿದ್ರೆ ಕೇರಿ ಇಡೀ ದಾಟತ್ತ್. ಇವ್ರಗೆ ಹೊಟ್ಟಿ ಬಂದವ ಯಾರಿದ್ದ?"

ರತೀಶ ಟೇಪು ಹಿಡಿದ, ಜೊತೆಗೆ ನಕ್ಕ. ದುಡ್ಡಿರುವವರು ಹಾಸ್ಯ ಮಾಡಿದಾಗ ನಗದ ವರ್ಕ್‌ಶಾಪು ಬಹಳ ದಿನ ಬಾಗಿಲು ತೆರೆದಿರುವುದಿಲ್ಲ.

ಒಡೆಯರು ಮುಂಬಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದವರು. ಮರಳಿದವರೇ ಉಪ್ಪುಂದದ ಹೊಳೆಬದಿಯಲ್ಲಿದ್ದ ಹಿರಿಯರ ಜಾಗದಲ್ಲಿ ಹೋಂಸ್ಟೇ ಕಟ್ಟಿಸಿದರು. ಐತನ ಕೇರಿಯಿಂದ ಟಾರು ರಸ್ತೆಗೆ ಬರುವ ದಾರಿ ಆ ಜಾಗದ ಅಂಚಿನಲ್ಲೇ ಇತ್ತು. ಒಂದು ಕಡೆ ಒಡೆಯರ ಕೆಂಪುಕಲ್ಲಿನ ಗೋಡೆ, ಇನ್ನೊಂದು ಕಡೆ ಹೊಳೆ, ನಡುವೆ ಒಂದು ರಿಕ್ಷಾ ಹೋಗುವಷ್ಟು ಮಣ್ಣಿನ ದಾರಿ. ಬರುವ ಅತಿಥಿಗಳ ಕಣ್ಣಿಗೆ ಕೇರಿಯ ರಿಕ್ಷಾ, ಬೈಕು, ಮೀನಿನ ಬುಟ್ಟಿ ಬೀಳಬಾರದು ಎಂಬುದು ಒಡೆಯರ ಆಸೆ. ನಡೆದುಹೋಗುವವರನ್ನೂ ತಡೆದರೆ ಕೇಸಾಗುತ್ತದೆ ಎಂಬುದು ಅವರ ವಕೀಲರ ಬುದ್ಧಿವಾದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹಾಗಾಗಿ ದಾರಿಗೆ ಅಡ್ಡಲಾಗಿ, ಆಳಿಗಿಂತ ಎತ್ತರದ ಕಬ್ಬಿಣದ ಕಂಬಗಳ ಸಾಲು. ಎರಡು ಕಂಬಗಳ ನಡುವೆ ಒಬ್ಬ ಬಡಕಲು ಮನುಷ್ಯ ಅಡ್ಡ ತಿರುಗಿ ನುಸುಳುವಷ್ಟೇ ಸಂದು. ಕಂಬಕ್ಕೂ ಕಂಬಕ್ಕೂ ತಲೆಯ ಮೇಲೊಂದು, ಬುಡದ ಕಾಂಕ್ರೀಟಿನಲ್ಲೊಂದು ಅಡ್ಡ ತುಂಡು. ತುಂಡುಗಳೆಲ್ಲ ಒಂದೇ ಅಳತೆಯವಿರಬೇಕು.

ಅಳತೆ ಮುಗಿದೊಡನೆ ಐತ ಬಾಯಿಬಿಟ್ಟು ಕೇಳಿದ್ದ.

"ಒಡ್ಯಾ, ಒಂದ್ ಬದಿಗೆ ರಿಕ್ಷಾ ಹೋಪಷ್ಟ್ ಬಿಡಿ. ಅಬ್ಬಿನ ವಾರಕ್ಕೆರಡ್ ಸಲ ಕುಂದಾಪ್ರಕ್ಕೆ ಕರ್ಕಂಡ್ ಹೋಯ್ಕ್."

"ನಿನ್ ಅಬ್ಬಿಗೆ ರಿಕ್ಷಾ ಬೇಕಾ? ನಮ್ಮನಿ ಹಟ್ಟಿ ಗೊಬ್ರ ಹೊರುಕೆ ಯಾವ ರಿಕ್ಷಾದಗೆ ಬತ್ತಿದ್ಲ್?"

ಐತನ ಅಬ್ಬಿ, ಅಂದರೆ ತಾಯಿ, ಅಪ್ಪಿಗೆ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ವಾರಕ್ಕೆರಡು ಸಲ ಆಸ್ಪತ್ರೆಯಲ್ಲಿ ರಕ್ತ ತೊಳೆಸಿದರೆ ಬದುಕು, ತಪ್ಪಿದರೆ ಇಲ್ಲ. ಅವಳಿಗೆ ನಡೆಯಲು ಆಗುತ್ತಿರಲಿಲ್ಲ. ರಿಕ್ಷಾ ಮನೆ ಬಾಗಿಲಿಗೇ ಬರುತ್ತಿತ್ತು.

ಒಡೆಯರು ಆ ಅಳತೆಯ ಮೊದಲ ತುಂಡನ್ನು ರತೀಶನಿಂದ ಕೊಯ್ಯಿಸಿಕೊಂಡು ಹೋದ ಮೇಲೆ ಐತ ಕಟಿಂಗ್ ಮಿಷನ್ನನ್ನು ಹಲಗೆಯ ಮೇಲೆ ಎತ್ತಿಟ್ಟ. ಕಬ್ಬಿಣ ಕೊಯ್ಯುವ ಈ ಮಿಷನ್ನು ಒಂದೇ ಕೈಯಲ್ಲಿ ಹೊತ್ತೊಯ್ಯುವಷ್ಟು ಸಣ್ಣದು, ಆದರೆ ಕೋಪ ಮಾತ್ರ ದೊಡ್ಡದು. ಅದಕ್ಕೆ ಅದರದೇ ಮರ್ಯಾದೆ ಕೊಡಬೇಕು. ಒಂದೇ ಅಳತೆಯ ತುಂಡು ಬೇಕೆಂದು ಪ್ರತಿಸಲ ಟೇಪು ಹಿಡಿಯುವುದು ಹೊಸಬರ ಕೆಲಸ. ಈಗ ಕೊಯ್ದ ತುಂಡನ್ನಿಟ್ಟು ಮುಂದಿನದಕ್ಕೆ ಗೆರೆ ಎಳೆಯುವುದು ಅದಕ್ಕಿಂತ ಕಡೆ. ಗೆರೆಯ ದಪ್ಪವೇ ಸೇರುತ್ತ ಸೇರುತ್ತ, ಕೊನೆಯ ತುಂಡು ಮೊದಲಿನದಕ್ಕೆ ಅಣ್ಣನಾಗಿ ಕೂತಿರುತ್ತದೆ. ಐತ ಹಾಗೆ ಮಾಡುವವನಲ್ಲ. ಮಿಷನ್ನಿನ ಪಕ್ಕ, ಅಳತೆಗೆ ಸರಿಯಾಗಿ ಒಂದು ಕಬ್ಬಿಣದ ತಡೆಯನ್ನು ಹಲಗೆಗೆ ಬಿಗಿದ. ಪೈಪಿನ ತುದಿಯನ್ನು ಆ ತಡೆಗೆ ತಾಗಿಸುವುದು, ಬಿಗಿಯುವುದು, ಕೊಯ್ಯುವ ವೀಲು ಪೂರ್ತಿ ವೇಗಕ್ಕೆ ಬಂದ ಮೇಲೆ ಮೆಲ್ಲಗೆ ಇಳಿಸುವುದು. ಅವಸರ ಮಾಡಿ ಒತ್ತಿದರೆ ವೀಲು ಬಾಗಿ ಕೊಯ್ತ ಓರೆಯಾಗುತ್ತದೆ. ತಡೆಯ ಬುಡದಲ್ಲಿ ಪುಡಿ ಸೇರಿದರೆ ತುಂಡು ಕೂದಲೆಳೆಯಷ್ಟು ಗಿಡ್ಡವಾಗುತ್ತದೆ. ಅದಕ್ಕೇ ಪ್ರತಿ ಕೊಯ್ತದ ಮೇಲೂ ಅವನು ಬಗ್ಗಿ ಉಫ್ ಎಂದು ಊದುತ್ತಿದ್ದ.

ಪ್ರತಿ ತುಂಡೂ ಅವನ ಎದೆಯಿಂದ ಬೆನ್ನಿನವರೆಗಿನಷ್ಟು ಉದ್ದ. ಕೊಯ್ದು ಹಾಕಿದ್ದನ್ನು ನೋಡಿದರೆ ತನ್ನನ್ನೇ ತುಂಡು ಮಾಡಿ ರಾಶಿ ಹಾಕಿದ ಹಾಗೆ ಕಂಡು ಅವನಿಗೆ ಹೇಸಿಗೆಯಾಯಿತು. ಮಿಷನ್ನು ನಿಲ್ಲಿಸಿದ. ತಡೆಯ ಬೋಲ್ಟು ಸಡಿಲಿಸಿ ಅದನ್ನು ಒಂದು ಗೇಣು ಆಚೆ ಸರಿಸಿದ. ಇಷ್ಟು ಅಗಲವಾದರೆ ಅಬ್ಬಿಯನ್ನು ಹೆಗಲ ಮೇಲೆ ಹಾಕಿಕೊಂಡಾದರೂ ದಾಟಬಹುದು.

ರತೀಶ ಚಾ ಕುಡಿಯುತ್ತ ಅದನ್ನು ನೋಡುತ್ತಲೇ ಇದ್ದ. ಬೈಯಲಿಲ್ಲ. ಅವನು ಕೆಟ್ಟವನೇನಲ್ಲ, ಕೆಟ್ಟವರಿಗೆ ಬೇಕಾದವನು, ಅಷ್ಟೇ.

"ಮೊದಲ್ನೇ ತುಂಡ್ ಅವ್ರ್ ಕಾರಗೆ ಹಾಕ್ಕಂಡ್ ಹೋಯ್ರ್ ಐತ. ಬಂದ್ ಇಟ್ಟ್ ಕಾಂತ್ರ್. ನೀ ಕೊಯ್ಯದಿದ್ರೆ ಸಾಸ್ತಾನದಿಂದ ಬೇರೆಯವ ಬಂದ್ ಕೊಯ್ತ. ಕಂಬ ಅಂತೂ ಬತ್ತ್. ಆಮೇಲ್ ನಿನ್ ಅಬ್ಬಿ ಆಸ್ಪತ್ರಿಗೆ ವಾರಕ್ಕೆರಡ್ ಸಲ ರಜೆ ಕೊಡುವ ಧಣಿನ ಎಲ್ಲ್ ಹುಡುಕ್ತೆ?"

ಅದು ಸುಳ್ಳಲ್ಲ. ಹಾಗೆ ರಜೆ ಕೊಡುವವನು ಬೈಂದೂರಿನಿಂದ ಬ್ರಹ್ಮಾವರದವರೆಗೆ ಹುಡುಕಿದರೂ ಸಿಗುವುದು ಕಷ್ಟ. ಕೊಯ್ದರೆ ಅಬ್ಬಿಯ ದಾರಿ ಹೋಗುತ್ತದೆ, ಕೊಯ್ಯದಿದ್ದರೆ ಅಬ್ಬಿಯನ್ನು ಕರೆದೊಯ್ಯುವ ಬಿಡುವೇ ಹೋಗುತ್ತದೆ. ಅಡಕತ್ತರಿಯಲ್ಲಿ ಸಿಕ್ಕ ಅಡಕೆ ಎಂದರೆ ಇದೇ. ಐತ ತಡೆಯನ್ನು ಮತ್ತೆ ಮೊದಲಿನ ಜಾಗಕ್ಕೆ ತಂದು ಬಿಗಿದ. ಉಳಿದ ತುಂಡುಗಳನ್ನೂ ಕೊಯ್ದ. ಒಂದನ್ನೊಂದು ತಾಳೆ ನೋಡಿದರೆ ಉಗುರು ತೂರದಷ್ಟು ಸಮ. ಕೆಟ್ಟದಾಗಿ ಕೊಯ್ಯಲು ಕೈಗೆ ಬಾರದೇ ಹೋಯಿತಲ್ಲ ಎಂದು ಅವನು ತನ್ನ ಕೈಯನ್ನೇ ಶಪಿಸಿದ.

ಕಂಬಗಳು ನಿಂತವು. ಒಡೆಯರು ಕಾರಿನಿಂದ ತುಂಡು ತಂದು ಒಂದೊಂದು ಸಂದಿಗೂ ಹಿಡಿದು ನೋಡಿ ತಲೆಯಾಡಿಸಿದರು. ಕೇರಿಯ ಜನ ಅಡ್ಡ ತಿರುಗಿ, ಉಸಿರು ಬಿಟ್ಟು, ನುಸುಳುವುದನ್ನು ಕಲಿತರು. ಶಾಲೆಯ ಮಕ್ಕಳು ಚೀಲವನ್ನು ಮೊದಲು ಆಚೆ ಎಸೆದು ಆಮೇಲೆ ತಾವು ದಾಟುತ್ತಿದ್ದರು.

ಅಪ್ಪಿ ಮಾತ್ರ ದಾಟಲಿಲ್ಲ. ಅಳತೆ ಕೊಟ್ಟವನು ಐತ, ಅಪ್ಪಿಯಲ್ಲ. ನೀರು ತುಂಬಿ ಅವಳ ಹೊಟ್ಟೆ ಊದಿಕೊಂಡಿತ್ತು. ಐತ ಮುಂದಿನಿಂದ ಎಳೆದ, ಅವನ ಹೆಂಡತಿ ಸುಗುಣ ಹಿಂದಿನಿಂದ ಒತ್ತಿದಳು. ಕಂಬ ಹೊಟ್ಟೆಗೆ ಒತ್ತಿ ಮುದುಕಿ ಕಿರುಚಿದಳು. ಕೊನೆಗೆ ಐತ ಅವಳನ್ನು ಬೆನ್ನಿಗೆ ಹಾಕಿಕೊಂಡು ಹೊಳೆಗೆ ಇಳಿದ. ಇಳಿತದ ಹೊತ್ತಿನಲ್ಲಿ ನೀರು ಸೊಂಟದವರೆಗೆ ಬರುತ್ತಿತ್ತು. ಕಂಬದ ಸಾಲನ್ನು ಸುತ್ತಿಕೊಂಡು ಸಾಲಿನಾಚೆ ಮತ್ತೆ ದಾರಿಗೆ ಹತ್ತಿದರೆ ರಿಕ್ಷಾ ಕಾಯುತ್ತಿತ್ತು. ಒದ್ದೆ ಸೀರೆಯಲ್ಲೇ ಅವಳು ಕುಂದಾಪುರಕ್ಕೆ ಹೋಗಿ ಬರುತ್ತಿದ್ದಳು. ಅಂದಿನಿಂದ ಅವಳ ಜೀವ ಕಡಲಿನ ಉಬ್ಬರ ಇಳಿತದ ಕೈಗೆ ಹೋಯಿತು.

ಹೋಂಸ್ಟೇಯ ಗೃಹಪ್ರವೇಶದ ಹಿಂದಿನ ದಿನ ಆಸ್ಪತ್ರೆಯ ಪಾಳಿ ಬಂತು. ಆಗ ಹೊಳೆಯಲ್ಲಿ ತುಂಬು ಉಬ್ಬರ. ದಡದಲ್ಲಿ ನಿಂತ ಐತನ ಕಾಲಡಿಯ ಮರಳೇ ಕೊಚ್ಚಿಹೋಗುತ್ತಿತ್ತು. ಅಪ್ಪಿ ಉಸಿರಿಗೆ ಒದ್ದಾಡತೊಡಗಿದ್ದಳು. ಅವನು ಓಡಿದ್ದು ಒಡೆಯರ ದೊಡ್ಡ ಗೇಟಿಗೆ. ಗೋಡೆಯಲ್ಲಿ ಕೇರಿಯ ಬದಿಗೊಂದು ಹಿಂಬಾಗಿಲಿತ್ತು. ಅದನ್ನು ತೆರೆದು ಅಂಗಳದ ಮೂಲಕ ಬಿಟ್ಟರೆ ಸಾಕು, ಈ ಒಂದು ಸಲ ಎಂದು ಕೈಮುಗಿದ. ಅಂಗಳದಲ್ಲಿ ಶಾಮಿಯಾನ ಏಳುತ್ತಿತ್ತು. ಒಡೆಯರು ಫೋನನ್ನು ಕಿವಿಯಿಂದ ತೆಗೆಯದೆಯೇ ಉತ್ತರಿಸಿದರು.

"ನಾಳಿಗ್ ಹೋಮ ಮಾರಾಯ. ಅಂಗಳ ಶುದ್ಧ ಮಾಡಿ ಆಯ್ತ್. ನೀ ಅವ್ಳನ್ನ ಹೊತ್ಕಂಡ್ ಬಂದ್ರೆ ಮತ್ತೊಂದ್ ಸಲ ಭಟ್ರನ್ನ ಕರಿಕ್. ನೀರ್ ಇಳಿಲಿ, ಆಮೇಲ್ ಹೋಯ್ಲಕ್ಕ್."

ನೀರು ಇಳಿಯಿತು. ಆ ಹೊತ್ತಿಗೆ ಪಾಳಿ ಮುಗಿದಿತ್ತು. ಮರುದಿನ ಬೆಳಕು ಹರಿಯುವ ಮೊದಲೇ ಅಪ್ಪಿಯ ಉಸಿರೂ ನಿಂತಿತು. ಐತ ಅಳಲಿಲ್ಲ. ತಾನು ಕೊಯ್ದದ್ದೇ ಅವಳನ್ನು ಕೊಂದಿತು ಎಂಬ ಒಂದೇ ಮಾತು ತಲೆಯಲ್ಲಿ ಗಿರಕಿ ಹೊಡೆಯುತ್ತಿತ್ತು.

ಮಸಣಕ್ಕೆ ಹೊರಟ ಚಟ್ಟ ಕಂಬಗಳ ಸಾಲಿಗೆ ಬಂದು ನಿಂತಿತು. ಗೋಡೆಯಾಚೆ ಮಂತ್ರ ಕೇಳುತ್ತಿತ್ತು, ತುಪ್ಪದ ಹೊಗೆ ಏಳುತ್ತಿತ್ತು. ಮುಂದೆ ಹೆಗಲು ಕೊಟ್ಟಿದ್ದ ನೆರೆಮನೆಯ ಮುತ್ತ, ಈಗ ಇಳಿತ, ಹೊಳೆಯಲ್ಲೇ ಸುತ್ತಿಹೋಗೋಣ ಎಂದ. ಇನ್ನೊಬ್ಬ, ಹೆಣವನ್ನು ಓರೆ ಮಾಡಿ ತೂರಿಸಿದರೆ ಆದೀತು ಎಂದ.

"ಇಲ್ಲೇ ಇಳ್ಸಿ," ಎಂದ ಐತ.

ಇಳಿಸಿದರು. ಗೋಡೆಯ ಮೇಲಿಂದ ಯಾರೋ ಇಣುಕಿದರು. ಸ್ವಲ್ಪ ಹೊತ್ತಿಗೆ ಮಂತ್ರ ನಿಂತಿತು. ಹೆಣ ಕಣ್ಣೆದುರು ಬಿದ್ದಿರುವಾಗ ದೇವರಿಗೆ ನೈವೇದ್ಯವಿಲ್ಲ, ನೈವೇದ್ಯವಾಗದೆ ಊಟದ ಎಲೆ ಹಾಕುವಂತಿಲ್ಲ. ಇದು ಕೇರಿಯವರು ಮಾಡಿದ ಶಾಸ್ತ್ರವಲ್ಲ, ಗೋಡೆಯಾಚೆಯವರೇ ಮಾಡಿಟ್ಟದ್ದು. ಮುಂಬಯಿಯಿಂದ ಬಂದ ನೆಂಟರು ಹಸಿದುಕೊಂಡು ಕುರ್ಚಿಗಳಲ್ಲಿ ಕೂತಿದ್ದರು.

ಒಡೆಯರು ಹೋಮಕ್ಕೆ ಉಟ್ಟ ಪಟ್ಟೆಮಡಿಯಲ್ಲೇ ಹಿಂಬಾಗಿಲಿಗೆ ಓಡಿಬಂದರು. ನಿನ್ನೆ ತೆರೆಯದ ಬಾಗಿಲು ಇಂದು ತಾನಾಗಿ ತೆರೆಯಿತು. ಮೊದಲು ಸೂಳೆಮಕ್ಕಳು ಎಂದರು. ಆಮೇಲೆ ಪೊಲೀಸರು ಎಂದರು. ಯಾರೂ ಅಲುಗಾಡದಿದ್ದಾಗ ಒಳಗೆ ಊಟಕ್ಕೆ ಬಂದಿದ್ದ ರತೀಶನನ್ನು ಕರೆದು, ಕೈಯಲ್ಲಿ ಹಿಡಿದು ಕೊಯ್ಯುವ ಮಿಷನ್ನು ತರಿಸಿದರು. ಒಂದು ಕಂಬ ತೆಗೆಯಲಿ, ಚಟ್ಟ ಹೋಗಲಿ. ಅಷ್ಟು ಹೇಳಿ ಅವನ ಕಿವಿಯ ಹತ್ತಿರ ಹಿಂದಿಯಲ್ಲಿ, ನಾಳೆ ಮತ್ತೆ ವೆಲ್ಡಿಂಗ್ ಮಾಡಿಬಿಡು ಎಂದರು. ಹಿಂದಿ ಐತನಿಗೆ ಬರುವುದಿಲ್ಲ ಎಂದುಕೊಂಡರೋ ಏನೋ. ಟಿವಿ ಎಲ್ಲರ ಮನೆಯಲ್ಲೂ ಇದೆ.

ರತೀಶ ವೈರು ಎಳೆದು ತಂದು ಮಿಷನ್ನು ಚಾಲೂ ಮಾಡಿದ. ಐತ ಹೋಗಿ ಆ ಕಂಬಕ್ಕೇ ಬೆನ್ನು ಕೊಟ್ಟು ಕೂತ.

"ಒಂದಲ್ಲ ರತೀಶಣ್ಣ. ಎಲ್ಲ. ಬುಡದಿಂದ."

ರತೀಶನ ಕೈಯಲ್ಲಿ ವೀಲು ಸುಮ್ಮನೆ ತಿರುಗಿತು. ಆಮೇಲೆ ನಿಂತಿತು.

"ಬಿಸ್ಲ್ ಏರ್ತಾ ಇತ್ತ್," ಎಂದರು ಒಡೆಯರು. ಈಗ ದನಿಯಲ್ಲಿ ಬೆಣ್ಣೆ. "ನಿನ್ ಅಬ್ಬಿ ಅಲ್ದಾ ಐತ? ಹೆಣಕ್ಕೆ ಹೀಂಗೆಲ್ಲ ಮಾಡುಕಾಗ. ಬೇಗ ಕಳ್ಸಿಕೊಡ್ಕ್."

ಮಾತು ಐತನ ಎದೆಗೆ ನಾಟಿತು. ನೊಣಗಳು ಆಗಲೇ ಬಂದಿದ್ದವು. ಬದುಕಿರುವಾಗ ನೀರಿನಲ್ಲಿ ನೆನೆಸಿದ್ದಾಯಿತು, ಈಗ ಬಿಸಿಲಿನಲ್ಲಿ ಒಣಗಿಸುವುದೇ? ಎದ್ದುಬಿಡೋಣವೆಂದು ಅವನು ಒಂದು ಕೈ ನೆಲಕ್ಕೆ ಊರಿದ.

ಚಟ್ಟದ ಪಕ್ಕ ಕೂತಿದ್ದ ಸುಗುಣ ಏಳಲಿಲ್ಲ. ಸೆರಗಿನಿಂದ ಅತ್ತೆಯ ಮುಖದ ನೊಣ ಓಡಿಸುತ್ತಲೇ ಇದ್ದಳು.

"ಅತ್ತಿಗ್ ನಿನ್ನೆ ಅರ್ಜೆಂಟ್ ಇದ್ದಿತ್ತ್ ಒಡ್ಯಾ," ಎಂದಳು. "ಇವತ್ತ್ ಎಂತ ಅರ್ಜೆಂಟ್ ಇಲ್ಲ."

ಐತ ಊರಿದ ಕೈಯನ್ನು ಹಿಂದಕ್ಕೆ ತೆಗೆದ. ಮುತ್ತನಿಗೆ ತೆಂಗಿನ ಮಡಲು ತರಲು ಹೇಳಿದ, ಹೆಣಕ್ಕೆ ನೆರಳು ಮಾಡಬೇಕು. ಹಾರೆ ಯಾರದೋ ಮನೆಯಿಂದ ಬಂತು. ನೆರಳಿನ ಗೂಟಕ್ಕೆಂದು ಅವನು ದಾರಿಯ ನಡುವೆ ಗುಂಡಿ ತೋಡತೊಡಗಿದ.

ಒಡೆಯರ ಮುಖದ ಬಣ್ಣ ಹೋಯಿತು.

"ಏ ಐತ, ಎಂತ ಮಾಡ್ತೆ ನೀ? ಇಲ್ಲೇ ಹುಗಿತ್ಯಾ? ನನ್ ಜಾಗದಗೆ ಹುಗಿತ್ಯಾ?"

ಐತ ಹಾರೆ ನಿಲ್ಲಿಸಿ ತಲೆಯೆತ್ತಿದ. ಆ ಯೋಚನೆ ಅವನಿಗೆ ಆವರೆಗೆ ಬಂದಿರಲಿಲ್ಲ. ಒಡೆಯರನ್ನು ನೋಡಿದ, ಅಬ್ಬಿಯನ್ನು ನೋಡಿದ. ಮಡಲು ಹೊತ್ತು ಬಂದ ಮುತ್ತ ಅದನ್ನು ಕೆಳಗಿಟ್ಟು ಇನ್ನೊಂದು ಹಾರೆ ಹುಡುಕಲು ಹೋದ. ಐತ ಗುಂಡಿಯನ್ನು ಉದ್ದಕ್ಕೆ ತೋಡತೊಡಗಿದ.